ಸ್ವಯಂಸೇವಾ ಶಿಕ್ಷಕರ ಗಂಟುಮೂಟೆ

ಸಂಬಳವಿಲ್ಲದೆ, ಅಥವಾ ಊಟ-ವಸತಿಗೆ ಸಾಲುವಷ್ಟು ಭತ್ಯೆ ಪಡೆದು, ಪರದೇಶದ ಶಾಲೆಯಲ್ಲಿ ಕೆಲಕಾಲ ಪಾಠ ಹೇಳಲು ಹೋಗುವವರನ್ನು ಸ್ವಯಂಸೇವಾ ಶಿಕ್ಷಕರು ಎನ್ನುತ್ತಾರೆ. ಅವರು ಒಯ್ಯುವ ಕಾಗದಪತ್ರ, ಬಟ್ಟೆಬರೆ, ಔಷಧಿ, ತಿಂಡಿ ಮತ್ತು ಪಾಠದ ಸಾಮಗ್ರಿ ಪ್ರವಾಸಿಗರ ಸಾಮಾನಿಗಿಂತ ಬೇರೆ ಬಗೆಯದು. ಪ್ರವಾಸಿಗ ತನಗೆ ಬೇಕಾದ್ದನ್ನಷ್ಟೇ ಕಟ್ಟಿಕೊಂಡರೆ ಸಾಕು. ಶಿಕ್ಷಕ ಮಾತ್ರ ಇನ್ನೂ ಮುಖ ನೋಡದ ಮಕ್ಕಳಿಗಾಗಿಯೂ ಕಟ್ಟಬೇಕು. ಬ್ರಿಟನ್ನಿನ ವಿಎಸ್‌ಒ 1958ರಲ್ಲಿ, ಅಮೆರಿಕದ ಪೀಸ್ ಕೋರ್ 1961ರಲ್ಲಿ ಶುರುವಾದ ಮೇಲೆ ಇಂಥ ಸೇವೆಗೆ ವ್ಯವಸ್ಥಿತ ರೂಪ ಬಂತು.

ಕನ್ನಡ ನಾಡು ಈ ಪಯಣವನ್ನು ಮೊದಲು ಕಂಡದ್ದು ಬರುವವರ ಕಡೆಯಿಂದ. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಅವರ ಕೇಂದ್ರಗಳು ತೆರೆದವು. ಅವರ ಗುರಿ ಧರ್ಮಪ್ರಚಾರ. ಆದರೆ ದಿನದ ಕೆಲಸದಲ್ಲಿ ಶಾಲೆಗೂ ದೊಡ್ಡ ಪಾಲಿತ್ತು, ಶಾಲೆಗೆ ಪುಸ್ತಕ ಬೇಕಿತ್ತು. ಮಂಗಳೂರಿನಲ್ಲಿ 1841ರಲ್ಲಿ ಕಲ್ಲಚ್ಚಿನ ಮುದ್ರಣ ಆರಂಭವಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ವನ್ನು ಹೊರತಂದದ್ದು ಆ ಕಲ್ಲಚ್ಚಿನಿಂದಲೇ. ಆಮೇಲೆ ಯೂರೋಪಿಗೆ ಹೋಗಿ 1851ರಲ್ಲಿ ಮರಳಿದ, ಅದೇ ಮಿಷನ್ನಿನ ವೈಗ್ಲೆಯ ಜೊತೆ ಕನ್ನಡದ ಅಚ್ಚಿನ ಮೊಳೆಗಳು ಬಂದವು. ಕನ್ನಡ ನಾಡಿಗೆ ಬಂದವನ ಪೆಟ್ಟಿಗೆಯಲ್ಲಿ ಕನ್ನಡದ ಅಕ್ಷರಗಳೇ ಹಡಗು ಹತ್ತಿ ಬಂದ ಈ ಸಂಗತಿ ಗಂಟುಮೂಟೆಯ ಚರಿತ್ರೆಯಲ್ಲಿ ದೊಡ್ಡದು.

1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಮಾತ್ರ ಇಲ್ಲಿಂದ ತುಂಬಿಕೊಂಡವರು. ಜನರ ನಡುವೆ ಓಡಾಡಿ ಕಲಿತ ಮಾತು 1894ರಲ್ಲಿ ಮಂಗಳೂರಿನಲ್ಲಿ ನಿಘಂಟಾಗಿ ಅಚ್ಚಾಯಿತು. 1961ರಿಂದ 1976ರವರೆಗೆ ಭಾರತದಲ್ಲಿ ದುಡಿದ ಪೀಸ್ ಕೋರ್ ಸ್ವಯಂಸೇವಕರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಬಂದವರಿಗೆ ಕನ್ನಡದ ತರಬೇತಿ ಇತ್ತು. ಹೋಗುವ ಊರಿನ ಭಾಷೆಗೆ ತೂಕವಿಲ್ಲ, ಸುಂಕವಿಲ್ಲ. ಅದನ್ನು ಬಿಟ್ಟು ಉಳಿದೆಲ್ಲವನ್ನೂ ಕಟ್ಟಿಕೊಂಡ ಶಿಕ್ಷಕನಿಗೆ ಮೊದಲ ತಿಂಗಳು ತರಗತಿಯಲ್ಲಿ ಕಷ್ಟವೇ ಆಗುತ್ತದೆ.

ಹೋಗುವವರ ದಾರಿಯೂ ಹಾವೇರಿ ಸೀಮೆಗೆ ಹೊಸದಲ್ಲ. ಸವಣೂರಿನಲ್ಲಿ ಹುಟ್ಟಿದ ಕವಿ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಕಲಿಯಲು. ಅವರ ‘ಸಮುದ್ರ ಗೀತೆಗಳು’ ಸಂಕಲನಕ್ಕೆ ಆ ಕಡಲ ಪಯಣವೇ ಬೇರು. ಹಡಗಿನ ಕಾಲದಲ್ಲಿ ದೊಡ್ಡ ಟ್ರಂಕು ತುಂಬಲು ಅಡ್ಡಿಯಿರಲಿಲ್ಲ. ಈಗ ಹಾನಗಲ್ ತಾಲೂಕಿನ ಆಡೂರಿನಂಥ ಹಳ್ಳಿಯಿಂದ ಹೊರಟವರು ಹಾವೇರಿಗೆ ಬಂದು ರೈಲು ಹಿಡಿದು, ಬೆಂಗಳೂರಿನಲ್ಲಿ ವಿಮಾನ ಏರುವಾಗ ತಕ್ಕಡಿಯ ಮಾತೇ ಕೊನೆಯ ಮಾತು. ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ.; ದೊಡ್ಡ ಪೆಟ್ಟಿಗೆಗೆ ಹಲವು ವಿಮಾನ ಸಂಸ್ಥೆಗಳಲ್ಲಿ 23 ಕೆ.ಜಿ. ಹೆಚ್ಚಿನ ದುಡ್ಡು ಕೊಟ್ಟರೂ ಒಂದೇ ಪೆಟ್ಟಿಗೆ 32 ಕೆ.ಜಿ. ಮೀರುವಂತಿಲ್ಲ, ಅದನ್ನು ಎತ್ತಿಹಾಕುವ ಕಾರ್ಮಿಕರ ಬೆನ್ನಿನ ಲೆಕ್ಕ ಅದು.

ಬಟ್ಟೆಗಿಂತ ಮೊದಲು ಕಾಗದ. ಈ ಭಾಗದವರಿಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಕ್ರಮ, ಆಧಾರ್‌ನಲ್ಲಿ ಇನ್ನೊಂದು ಕ್ರಮ: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹಿಂದುಮುಂದಾಗಿರುವುದು ಉತ್ತರ ಕರ್ನಾಟಕದಲ್ಲಿ ಬಹಳ ಸಾಮಾನ್ಯ. ಪಾಸ್‌ಪೋರ್ಟಿಗೂ ಪದವಿಪತ್ರಕ್ಕೂ ಹೆಸರು ಹೊಂದದಿದ್ದರೆ ವೀಸಾ ಅಲ್ಲಿಯೇ ನಿಲ್ಲುತ್ತದೆ, ಆದ್ದರಿಂದ ತಿದ್ದುಪಡಿಯ ಕೆಲಸ ತಿಂಗಳುಗಳ ಮೊದಲೇ ಮುಗಿಯಬೇಕು. ಪದವಿಪತ್ರಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶಗಳಿಗಾದರೆ ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೇಕಾಗುತ್ತದೆ. ಭಾರತದಲ್ಲಿ ಈ ಅಂತಾರಾಷ್ಟ್ರೀಯ ಒಪ್ಪಂದ 2005ರಿಂದ ಜಾರಿಯಲ್ಲಿದೆ. ಮಕ್ಕಳ ನಡುವೆ ಕೆಲಸವಾದ್ದರಿಂದ ಪೊಲೀಸ್ ದೃಢೀಕರಣ ಪತ್ರವನ್ನೂ ಬಹುತೇಕ ಕಡೆ ಕೇಳುತ್ತಾರೆ.

‘ಸಂಬಳವಿಲ್ಲ, ಪ್ರವಾಸಿ ವೀಸಾ ಸಾಕು’ ಎಂಬ ಮಾತನ್ನು ನಂಬಬಾರದು. ಥಾಯ್ಲೆಂಡಿನಲ್ಲಿ ಉಚಿತ ಸೇವೆಗೂ ಕೆಲಸದ ಪರವಾನಗಿ ಬೇಕು. ಟಾಂಜಾನಿಯಾದಲ್ಲಿ ಸ್ವಯಂಸೇವಕರಿಗೆ ಪ್ರತ್ಯೇಕ ವಾಸದ ಪರವಾನಗಿಯಿದೆ. ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾವೇ ಬೇಡ. ಹೊಸಬರು ಅಲ್ಲಿಂದ ಮೊದಲು ಮಾಡುವುದು ಒಳ್ಳೆಯದು: ವಿದ್ಯುತ್ ಸಾಕೆಟ್ಟೂ ನಮ್ಮದರಂತೆಯೇ ಇರುತ್ತದೆ. ಕೀನ್ಯಾ, ಉಗಾಂಡ, ದುಬೈ, ಬ್ರಿಟನ್ನುಗಳಲ್ಲಿ ಮೂರು ಚಪ್ಪಟೆ ಕಾಲಿನ ಪ್ಲಗ್ಗು. ಅಮೆರಿಕದಲ್ಲಿ 120 ವೋಲ್ಟ್ ಇರುವುದರಿಂದ ನಮ್ಮ ಮಿಕ್ಸರು, ಇಸ್ತ್ರಿಪೆಟ್ಟಿಗೆ ಹೊತ್ತೊಯ್ಯುವುದು ವ್ಯರ್ಥ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಮೀರದಂತೆ.

ತಾಯಂದಿರ ಗಂಟಿನ ಕಥೆ ಬೇರೆ. ಹಾನಗಲ್, ಶಿಗ್ಗಾವಿ ಕಡೆಯಿಂದ ಹೊರಡುವವರ ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಬ್ಯಾಡಗಿ ಮೆಣಸಿನ ಖಾರದ ಪುಡಿ ಇಲ್ಲದೆ ಹೋಗುವುದಿಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿ ಇದೇ ಹಾವೇರಿ ಜಿಲ್ಲೆಯದು. ಬಣ್ಣ ಗಾಢ, ಖಾರ ಕಡಿಮೆ. ಖಾರದ ಪುಡಿ ದೊಡ್ಡ ಪೆಟ್ಟಿಗೆಯಲ್ಲಿ ಹೋಗಬಹುದು, ಕೈಚೀಲದಲ್ಲಿ ಹೋಗದು. ಕಡಕ್ ರೊಟ್ಟಿ ವಾರಗಟ್ಟಲೆ ಕೆಡದು, ತೂಕವೂ ಕಡಿಮೆ; ಆದರೆ ನಡುವೆ ಬಟ್ಟೆ ಇಟ್ಟು ಡಬ್ಬಿಯಲ್ಲಿ ತುಂಬದಿದ್ದರೆ ತಲುಪುವುದು ನುಚ್ಚು.

ಕೆಲವನ್ನು ಮನೆಯಲ್ಲೇ ತೆಗೆದಿಡಬೇಕು. ಒಣ ಕೊಬ್ಬರಿಯ ಎಣ್ಣೆಯಂಶ ತಾನಾಗಿ ಬಿಸಿಯೇರಿ ಬೆಂಕಿಗೆ ಕಾರಣವಾಗಬಲ್ಲದು. 2022ರಿಂದ ಭಾರತದ ವಿಮಾನ ನಿಲ್ದಾಣಗಳಲ್ಲಿ ಅದನ್ನು ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಗಸಗಸೆ ಇನ್ನೂ ಗಂಭೀರ: ಪಾಯಸಕ್ಕೆಂದು ಹಿಡಿಯಷ್ಟು ಒಯ್ದರೂ ಅರಬ್ ಸಂಯುಕ್ತ ಸಂಸ್ಥಾನ, ಸೌದಿ ಅರೇಬಿಯ, ಸಿಂಗಪುರಗಳಲ್ಲಿ ಅದು ಮಾದಕವಸ್ತುವಿನ ಪ್ರಕರಣವಾಗಬಹುದು. ಸವಣೂರಿನ ವೀಳ್ಯದೆಲೆ ಎಷ್ಟೇ ಹೆಸರಾಗಿರಲಿ, ದುಬೈಗೆ ಎಲೆ-ಅಡಿಕೆ ನಿಷಿದ್ಧ. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಬೀಜ, ಹಾಲಿನ ಪದಾರ್ಥ, ಸೊಪ್ಪುಸದೆಯನ್ನು ತೋರಿಸದೆ ಒಯ್ದರೆ ದಂಡ. ಮಕ್ಕಳಿಗೆ ಹಂಚಲು ಶೇಂಗಾ ಉಂಡಿ ಕಟ್ಟಿಕೊಳ್ಳುವ ಪ್ರೀತಿ ದೊಡ್ಡದೇ. ಆದರೂ ಬ್ರಿಟನ್, ಅಮೆರಿಕಗಳ ಎಷ್ಟೋ ಶಾಲೆಗಳು ಶೇಂಗಾವನ್ನು ಒಳಗೇ ಬಿಡುವುದಿಲ್ಲ: ಅದರ ಅಲರ್ಜಿಯಿಂದ ಮಗುವಿನ ಜೀವಕ್ಕೇ ಅಪಾಯ ಬಂದೀತು.

ಪಾಠದ ಸಾಮಗ್ರಿಯಲ್ಲಿ ಹೆಚ್ಚು ಒಯ್ಯುವುದಕ್ಕಿಂತ ಹಗುರವಾಗಿ ಒಯ್ಯುವುದೇ ಮೇಲು. ಇದಕ್ಕೆ ಕರ್ನಾಟಕದ ಒಳ್ಳೆಯ ನಿದರ್ಶನ ನಲಿ-ಕಲಿ ಎಂಬ ಕಲಿಕಾ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರಪ್ರದೇಶದ ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಪಠ್ಯವನ್ನು ಕಲಿಕೆಯ ಕಾರ್ಡುಗಳಾಗಿ ಒಡೆದರು. ಮಗು ಮೆಟ್ಟಿಲು ಮೆಟ್ಟಿಲಾಗಿ ಕಾರ್ಡು ಹತ್ತುತ್ತ ತನ್ನ ವೇಗದಲ್ಲಿ ಕಲಿಯುತ್ತದೆ. ಇಂಥ ಕಾರ್ಡುಗಳ ಕಟ್ಟಿನ ತೂಕ ಒಂದೆರಡು ಪುಸ್ತಕದಷ್ಟು. ನಾಲ್ಕು ಹಂತದ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ಶಾಲೆಗೆ ಇದಕ್ಕಿಂತ ಹೆಚ್ಚು ಹೊಂದುವ ಸಾಮಗ್ರಿ ಕಡಿಮೆ. ಖಾಲಿ ಕಾರ್ಡುಗಳನ್ನೂ ಸೇರಿಸಿಕೊಂಡರೆ ಅಲ್ಲಿನ ಭಾಷೆಯ ಪದಗಳನ್ನು ಮಕ್ಕಳಿಂದಲೇ ಬರೆಸಬಹುದು. ಅಮೆರಿಕ, ಬ್ರಿಟನ್, ಕೊಲ್ಲಿ ನಾಡುಗಳಲ್ಲಿ ವಾರಾಂತ್ಯಕ್ಕೆ ಕನ್ನಡ ಕಲಿಸುವ ಸ್ವಯಂಸೇವಕರಿಗೂ ಇದು ಒಗ್ಗುತ್ತದೆ.

ಆಟಿಕೆಗಳ ಮೂಲಕ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಪ್ರಚಾರಕ್ಕೆ ತಂದ ಬೆಂಕಿಕಡ್ಡಿಯ ಆಕೃತಿಗಳು ರೇಖಾಗಣಿತಕ್ಕೆ ಬಹಳ ಉಪಯುಕ್ತ. ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಗೆ ಕಡ್ಡಿ ಸಿಕ್ಕಿಸಿದರೆ ತ್ರಿಕೋನ, ಘನ, ಗೋಪುರ ಎಲ್ಲವೂ ಆಗುತ್ತವೆ. ಬೆಂಕಿಪೊಟ್ಟಣಕ್ಕೆ ವಿಮಾನದಲ್ಲಿ ಜಾಗವಿಲ್ಲದ ಕಾರಣ ಟ್ಯೂಬನ್ನು ಇಲ್ಲಿಂದ ಒಯ್ದು ಕಡ್ಡಿಯನ್ನು ಅಲ್ಲಿ ಕೊಳ್ಳುವುದು ರೂಢಿಯಾಗಬೇಕು. ಎಣಿಕೆ ಕಲಿಸಲು ಅಳಗುಳಿಮನೆ ಇದೆ. ಮರದ ಹಲಗೆಯ ಅಗತ್ಯವಿಲ್ಲ. ನೆಲದಲ್ಲಿ ಎರಡು ಸಾಲಿನಲ್ಲಿ ಏಳೇಳು ಗುಳಿ ತೋಡಿದರೆ ಆಯಿತು, ಹುಣಸೆಬೀಜದ ಬದಲು ಹರಳು. ಉಗಾಂಡದ ಮಕ್ಕಳ ಮುಂದೆ ಇದನ್ನು ತೋಡಿದರೆ ಅವರಿಗೆ ಬೆರಗಾಗದು. ಅಲ್ಲಿ ನಾಲ್ಕು ಸಾಲಿನ, 32 ಗುಳಿಯ ‘ಒಮ್ವೆಸೊ’ ಇದೆ, ಟಾಂಜಾನಿಯಾದಲ್ಲಿ ‘ಬಾವೊ’ ಇದೆ. ಮೇಷ್ಟ್ರು ಒಂದು ಆಟ ಕಲಿಸಿ ಇನ್ನೊಂದನ್ನು ಮಕ್ಕಳಿಂದ ಕಲಿಯಬಹುದು.

ಬಟ್ಟೆ ಸಾದಾ, ಮೈ ಮುಚ್ಚುವಂಥದ್ದು, ಬೇಗ ಒಣಗುವಂಥದ್ದು ಇರಲಿ. ಔಷಧಿಗೆ ವೈದ್ಯರ ಚೀಟಿ ಜೊತೆಗಿರಬೇಕು. ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗೆ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಮುಂಚಿತ ಅನುಮತಿ ಬೇಕು. ಕೀನ್ಯಾ, ಉಗಾಂಡಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರ 10 ದಿನಗಳ ನಂತರ ಊರ್ಜಿತವಾಗುತ್ತದೆ. 2016ರ ಜುಲೈನಿಂದ ಅದು ಜೀವನಪರ್ಯಂತ ಮಾನ್ಯ. ಆ ದೇಶಗಳಿಂದ ಮರಳುವಾಗ ಭಾರತದ ವಿಮಾನ ನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ, ಇಲ್ಲದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಕಾರ್ಡು, ಟ್ಯೂಬು, ಪುಸ್ತಕಗಳನ್ನು ಶಾಲೆಗೇ ಬಿಟ್ಟು ಬರುವವರು ಲಸಿಕೆಯ ಪ್ರಮಾಣಪತ್ರವಾದ ಈ ಹಳದಿ ಪುಸ್ತಿಕೆಯನ್ನು ಮಾತ್ರ ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.