ಎಕೋ: ಗುಮಾಸ್ತನೊಬ್ಬ ಕೊಟ್ಟ ಮನೆತನದ ಹೆಸರು

ಉಂಬರ್ತೋ ಎಕೋ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸಬನಲ್ಲ. 1980ರಲ್ಲಿ ಬಂದ ‘ದಿ ನೇಮ್ ಆಫ್ ದಿ ರೋಸ್’ ಕಾದಂಬರಿಯನ್ನು ಓದದವರೂ ಅದನ್ನು ಆಧರಿಸಿ 1986ರಲ್ಲಿ ತೆರೆಕಂಡ ಸಿನಿಮಾವನ್ನು ನೋಡಿರಬಹುದು. ಚಿಹ್ನೆಗಳಿಗೆ ಅರ್ಥ ಹೇಗೆ ಬರುತ್ತದೆ ಎಂಬುದನ್ನು ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದ ಈ ಮೇಷ್ಟ್ರ ಸ್ವಂತ ಹೆಸರಿನಲ್ಲೇ ಒಂದು ಒಗಟಿತ್ತು. ಇಟಾಲಿಯನ್ ಭಾಷೆಯಲ್ಲಿ ಎಕೋ ಎಂದರೆ ಪ್ರತಿಧ್ವನಿ. ಆದರೆ ಮನೆತನದ ಹೆಸರಾಗಿ ಅದು ಇಟಲಿಯಲ್ಲಿ ತೀರಾ ಅಪರೂಪ. ರೊಸ್ಸಿ, ಫೆರಾರಿ, ರುಸ್ಸೋಗಳು ಹೆಜ್ಜೆಗೊಬ್ಬರು ಸಿಗುತ್ತಾರೆ. ಎಕೋಗಳನ್ನು ಹುಡುಕಬೇಕು.

ಎಕೋ ಸಂದರ್ಶನಗಳಲ್ಲಿ ಹೇಳಿಕೊಂಡ ಕತೆ ಇದು. ಅವನ ತಂದೆಯ ತಂದೆ, ಹುಟ್ಟಿದ ಕೂಡಲೇ ಹೆತ್ತವರು ಬಿಟ್ಟುಹೋದ ಕೂಸು. ಕಚೇರಿಯ ಪುಸ್ತಕದಲ್ಲಿ ಬರೆದುಕೊಳ್ಳಲು ಮಗುವಿಗೆ ಒಂದು ಮನೆತನದ ಹೆಸರು ಬೇಕಿತ್ತು. ನಗರದ ಗುಮಾಸ್ತನೊಬ್ಬ ‘ಎಕ್ಸ್ ಕೇಲಿಸ್ ಒಬ್ಲಾತುಸ್’ ಎಂಬ ಮೂರು ಲ್ಯಾಟಿನ್ ಪದಗಳ ಮೊದಲ ಅಕ್ಷರಗಳನ್ನು ಜೋಡಿಸಿ ಎಕೋ ಎಂದು ಬರೆದ. ಸ್ವರ್ಗದಿಂದ ಬಂದ ಕಾಣಿಕೆ ಎಂಬುದು ಆ ಪದಗಳ ಅರ್ಥ. ಕುಟುಂಬದೊಳಗೆ ಬಾಯಿಂದ ಬಾಯಿಗೆ ಬಂದ ಕತೆಯಿದು. ಆದರೂ ಅದರ ಹಿಂದೆ ಇಟಲಿಯ ಲಕ್ಷಾಂತರ ಮಕ್ಕಳ ಚರಿತ್ರೆ ಇದೆ. ಅದನ್ನು ತಿಳಿಯದೆ ಈ ಪುಟ್ಟ ಹೆಸರಿನ ತೂಕ ಗೊತ್ತಾಗುವುದಿಲ್ಲ.

ಮಧ್ಯಯುಗದ ಕೊನೆಯಿಂದ 19ನೆಯ ಶತಮಾನದವರೆಗೂ ಇಟಲಿಯ ನಗರಗಳಲ್ಲಿ ಅನಾಥ ಶಿಶುಗಳಿಗೆಂದೇ ದೊಡ್ಡ ಆಶ್ರಯಗಳಿದ್ದವು. ಹೆಚ್ಚು ಹೆಸರಾದದ್ದು ಫ್ಲಾರೆನ್ಸಿನ ಓಸ್ಪೆದಾಲೆ ದೆಲ್ಯಿ ಇನ್ನೊಚೆಂತಿ, ಅಂದರೆ ಮುಗ್ಧರ ಆಸ್ಪತ್ರೆ. ವಾಸ್ತುಶಿಲ್ಪಿ ಬ್ರುನೆಲೆಸ್ಕಿ 1419ರಲ್ಲಿ ಅದರ ಕೆಲಸ ಆರಂಭಿಸಿದ. 1445ರಲ್ಲಿ ಮೊದಲ ಮಗು ಒಳಗೆ ಬಂತು. ಅನೇಕ ಊರುಗಳ ಆಶ್ರಯಗಳಲ್ಲಿ ಗೋಡೆಗೆ ಮರದ ಒಂದು ಉರುಳೆಯನ್ನು ಕೂರಿಸಿರುತ್ತಿದ್ದರು. ಅದಕ್ಕೆ ‘ರುವೋತಾ’, ಅಂದರೆ ಚಕ್ರ ಎಂದು ಹೆಸರು. ಹೊರಗೆ ನಿಂತವರು ಮಗುವನ್ನು ಅದರೊಳಗೆ ಮಲಗಿಸಿ, ಚಕ್ರ ತಿರುಗಿಸಿ, ಗಂಟೆ ಬಾರಿಸಿ ಕತ್ತಲಲ್ಲಿ ಹೊರಟುಹೋಗಬಹುದಿತ್ತು. ಒಳಗಿದ್ದವರಿಗೆ ತಂದವರ ಮುಖ ಕಾಣುತ್ತಿರಲಿಲ್ಲ.

ಬಿಟ್ಟುಹೋಗುತ್ತಿದ್ದವರೆಲ್ಲ ಮದುವೆಯಾಗದ ತಾಯಂದಿರಲ್ಲ. ಫ್ಲಾರೆನ್ಸ್, ಮಿಲಾನ್‌ಗಳಲ್ಲಿ ಮದುವೆಯಾದ ಬಡ ದಂಪತಿಗಳೂ ಇದ್ದರು. ಕೆಲವರು ಮುಂದೆ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಬಂದು ಕರೆದೊಯ್ಯುವ ಆಸೆಯಿಂದ ಮಗುವಿನ ಬಟ್ಟೆಯಲ್ಲಿ ತುಂಡು ಮಾಡಿದ ಅರ್ಧ ಪದಕವನ್ನೋ ಅರ್ಧ ನಾಣ್ಯವನ್ನೋ ಇಟ್ಟಿರುತ್ತಿದ್ದರು. ಉಳಿದರ್ಧ ತಾಯಿಯ ಬಳಿ. ಕರ್ಣನ ಕುಂಡಲಗಳ ಹಾಗೆ ಅದೊಂದೇ ಗುರುತು. ಫ್ಲಾರೆನ್ಸಿನ ಆ ಕಟ್ಟಡ ಈಗ ವಸ್ತುಸಂಗ್ರಹಾಲಯವೂ ಹೌದು. ಜೊತೆ ಸೇರದೆ ಉಳಿದ ಅರ್ಧ ಪದಕಗಳನ್ನು ಅಲ್ಲಿ ನೋಡಬಹುದು.

ಒಳಗೆ ಬಂದ ಮಗುವಿಗೆ ಹೆಸರಿಡಬೇಕು. ದಿನವೂ ಮಕ್ಕಳು ಬರುತ್ತಿದ್ದ ಕಡೆ ಒಬ್ಬೊಬ್ಬರಿಗೂ ಹೊಸ ಮನೆತನದ ಹೆಸರು ಯೋಚಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ನೇಪಲ್ಸಿನ ಅನುನ್ಸಿಯಾತಾ ಆಶ್ರಯದ ಚಕ್ರದಿಂದ ಒಳಗೆ ಬಂದವರೆಲ್ಲ ಎಸ್ಪೊಸಿತೋ ಆದರು. ಹೊರಗೆ ಇಟ್ಟುಹೋದವನು ಎಂಬುದು ಆ ಪದದ ಅರ್ಥ. ರೋಮಿನಲ್ಲಿ ಅವರು ಪ್ರೊಯೆತ್ತಿ, ಅಂದರೆ ಎಸೆದವರು. ಫ್ಲಾರೆನ್ಸಿನಲ್ಲಿ ಆಶ್ರಯದ ಹೆಸರೇ ಇನ್ನೊಚೆಂತಿ ಎಂಬ ಮನೆತನದ ಹೆಸರಾಯಿತು. ಮಿಲಾನಿನ ಓಸ್ಪೆದಾಲೆ ಮಜ್ಜೋರೆ ಆಸ್ಪತ್ರೆಯ ಲಾಂಛನ ಪಾರಿವಾಳ. ಅಲ್ಲಿ ಬೆಳೆದವರು ಪಾರಿವಾಳವೆಂದೇ ಅರ್ಥವಿರುವ ಕೊಲೊಂಬೋಗಳಾದರು.

ಎಸ್ಪೊಸಿತೋ ಇಂದು ನೇಪಲ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಮನೆತನದ ಹೆಸರು. ಮಿಲಾನಿನಲ್ಲಿ ಕೊಲೊಂಬೋ ಕೂಡ ಬಹಳ ಬಳಕೆಯಲ್ಲಿರುವ ಹೆಸರು. ಸಾಮಾನ್ಯವಾಗಿ ಒಂದು ಮನೆತನದ ಹೆಸರು ಬಹಳ ಜನರಿಗಿದ್ದರೆ ಅದು ಹಳೆಯ ದೊಡ್ಡ ವಂಶವೋ, ಕಮ್ಮಾರರಂಥ ಎಲ್ಲೆಡೆ ಇರುವ ಕಸುಬೋ ಎಂದು ಊಹಿಸುತ್ತೇವೆ. ಎಸ್ಪೊಸಿತೋ ಹಬ್ಬಿದ್ದು ಹಾಗಲ್ಲ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಸಾವಿರಾರು ಶಿಶುಗಳಿಗೆ ಒಂದೇ ಬಾಗಿಲಲ್ಲಿ ಒಂದೇ ಪದವನ್ನು ಅಂಟಿಸಿದ್ದರಿಂದ ಹಬ್ಬಿತು. ಬದುಕಿ ದೊಡ್ಡವರಾದವರ ಹೆಸರು ಮಾತ್ರ ಮುಂದುವರಿಯಿತು ಎಂಬುದನ್ನೂ ನೆನಪಿಡಬೇಕು. ಹಾಲುಣಿಸುವ ದಾದಿಯರ ಕೊರತೆ, ಸೋಂಕು, ಹಳ್ಳಿಗಳಿಗೆ ಸಾಗಿಸುವ ದಾರಿಯ ದಣಿವುಗಳಿಂದಾಗಿ ಅನೇಕ ಆಶ್ರಯಗಳಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಬಾಲ್ಯ ದಾಟುತ್ತಿರಲಿಲ್ಲ.

ದಾಟಿದವರಿಗೆ ಹೆಸರೇ ಹಣೆಬರಹವಾಗುತ್ತಿತ್ತು. ಕೆಲಸ ಕೇಳಲು ಹೋದರೆ, ಹೆಣ್ಣು ಕೇಳಲು ಹೋದರೆ, ಬಾಯಿಬಿಟ್ಟು ಹೆಸರು ಹೇಳಿದ ಕ್ಷಣವೇ ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದವನು ಎಂಬುದು ಬಯಲಾಗುತ್ತಿತ್ತು. ಆ ಗುರುತು ಅವನಲ್ಲಿಗೇ ನಿಲ್ಲದೆ ಮಕ್ಕಳು ಮೊಮ್ಮಕ್ಕಳಿಗೂ ಅಂಟುತ್ತಿತ್ತು. ಇದು ಅನ್ಯಾಯವೆಂದು ಆಳುವವರಿಗೂ ತೋರಿತು. 1808ರಿಂದ 1815ರವರೆಗೆ ನೇಪಲ್ಸನ್ನು ಆಳಿದ ನೆಪೋಲಿಯನ್ನನ ಭಾವ ಮ್ಯೂರಾ, ಬಿಟ್ಟುಹೋದ ಮಕ್ಕಳಿಗೆ ಎಸ್ಪೊಸಿತೋ ಎಂದು ಹೆಸರಿಡುವುದನ್ನು ನಿಲ್ಲಿಸಿದ. 1861ರಲ್ಲಿ ಇಟಲಿ ಒಂದಾದ ಮೇಲೆ, ಮಗುವಿನ ಹುಟ್ಟಿನ ಸ್ಥಿತಿ ಬಯಲಾಗುವಂಥ ಹೆಸರು ಕೊಡಬಾರದೆಂದು ಇಡೀ ದೇಶಕ್ಕೇ ಕಾನೂನು ಬಂತು. ನೇಪಲ್ಸಿನ ಚಕ್ರ 1875ರಲ್ಲಿ ಮುಚ್ಚಿತು. ಆದರೆ ಮಕ್ಕಳು ಬರುವುದು ನಿಲ್ಲಲಿಲ್ಲ.

ಅಪರೂಪದ ಹೆಸರುಗಳು ಹೆಚ್ಚಿದ್ದು ಈ ಬದಲಾವಣೆಯಿಂದ. ಸಿದ್ಧವಾಗಿದ್ದ ಒಂದು ಪದವನ್ನು ಬಳಸುವಂತಿಲ್ಲವಾದ ಮೇಲೆ ಗುಮಾಸ್ತ ಪ್ರತಿ ಮಗುವಿಗೂ ತಲೆ ಕೆಡಿಸಿಕೊಳ್ಳಬೇಕಾಯಿತು. ತಿಂಗಳು, ವಾರ, ಹೂವು, ಊರು, ಹವೆ, ಕೈಗೆ ಸಿಕ್ಕಿದ್ದೆಲ್ಲ ಹೆಸರಾಯಿತು. ಕೆಲವರು ಬೇಸರದಿಂದ ಏನೋ ಒಂದು ಬರೆದರು. ಕೆಲವರು ಹಾರೈಸಿ ಬರೆದರು. ಹಾರೈಕೆಯ ಹೆಸರುಗಳು ಅದಕ್ಕೂ ಹಿಂದೆಯೇ ಇದ್ದವು: ದೇವರು ನಿನ್ನನ್ನು ಸಾಕಲಿ ಎಂಬ ಅರ್ಥದ ದಿಯೊತಾಲ್ಲೆವಿ ಅಂಥದ್ದು. 1988ರಲ್ಲಿ ಬಂದ ‘ಫೂಕೋಸ್ ಪೆಂಡ್ಯುಲಮ್’ ಕಾದಂಬರಿಯ ಒಂದು ಮುಖ್ಯ ಪಾತ್ರಕ್ಕೆ ಎಕೋ ಇದೇ ಹೆಸರಿಟ್ಟ. ತನ್ನ ಅಜ್ಜ ಸಿಕ್ಕಿದ ಮಗು ಎಂಬ ಎಳೆ ಹಿಡಿದು ತನ್ನ ಮೂಲವನ್ನು ತಾನೇ ಕಟ್ಟಿಕೊಳ್ಳುವವನು ಈ ದಿಯೊತಾಲ್ಲೆವಿ. ಓದುಗರಿಗೆ ಅದು ತಮಾಷೆಯ ವಿವರವಾಗಿ ಕಾಣಬಹುದು. ಬರೆದವನಿಗೆ ಅದು ಸ್ವಂತ ಮನೆಯ ಸಂಗತಿ.

ಎಕೋ ಎಂಬ ಹೆಸರನ್ನು ಈ ಸಾಲಿನಲ್ಲಿಟ್ಟು ನೋಡಿದರೆ ಗುಮಾಸ್ತನ ಜಾಣತನ ಗೊತ್ತಾಗುತ್ತದೆ. ಮಗುವನ್ನು ಯಾರೋ ಬಿಟ್ಟುಹೋದರು ಎಂಬ ಸಂಗತಿಯನ್ನೇ ಅವನು ತಿರುಗಿಸಿ, ಕಾಣಿಕೆಯಾಗಿ ಬಂತು ಎಂದು ಬರೆದ. ‘ಒಬ್ಲಾತುಸ್’ ಎಂಬ ಪದವನ್ನು ಹಿಂದೆ ಮಠಗಳಿಗೆ ಅರ್ಪಿಸಿದ ಮಕ್ಕಳಿಗೆ ಬಳಸುತ್ತಿದ್ದರು. ಬೀದಿಯಲ್ಲಿ ಕೇಳಿದವರಿಗೆ ಪ್ರತಿಧ್ವನಿ ಎಂಬ ಅರ್ಥ ಮಾತ್ರ ಹೊಳೆಯುತ್ತದೆ. ಮೂಲ ಬಯಲಾಗುವುದಿಲ್ಲ, ಹಾರೈಕೆ ಒಳಗೇ ಉಳಿಯುತ್ತದೆ.

ಆ ಮಗು ಬೆಳೆದು ಅಚ್ಚುಮೊಳೆ ಜೋಡಿಸುವ ಕೆಲಸಗಾರನಾದ. ಹದಿಮೂರು ಮಕ್ಕಳ ತಂದೆಯಾದ. ನಿವೃತ್ತನಾದ ಮೇಲೆ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಅವನು ತೀರಿಕೊಂಡಾಗ ಕಟ್ಟಲೆಂದು ಕೊಟ್ಟ ಎಷ್ಟೋ ಪುಸ್ತಕಗಳು ಮನೆಯಲ್ಲೇ ಉಳಿದಿದ್ದವು. ಅವನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಎಲ್ಲವನ್ನೂ ದೊಡ್ಡ ಪೆಟ್ಟಿಗೆಯೊಂದರಲ್ಲಿ ತುಂಬಿದರು. ಆ ಪೆಟ್ಟಿಗೆ ಎಕೋನ ತಂದೆಯ ಪಾಲಿಗೆ ಬಂದು ಮನೆಯ ನೆಲಮಾಳಿಗೆ ಸೇರಿತು. 1932ರಲ್ಲಿ ಅಲೆಸ್ಸಾಂಡ್ರಿಯಾ ಊರಿನಲ್ಲಿ ಹುಟ್ಟಿದ ಮೊಮ್ಮಗ, ಇದ್ದಿಲನ್ನೋ ದ್ರಾಕ್ಷಾರಸವನ್ನೋ ತರಲು ಕೆಳಗೆ ಹೋದಾಗಲೆಲ್ಲ ಅದನ್ನು ತೆರೆಯುತ್ತಿದ್ದ. ಜೂಲ್ಸ್ ವರ್ನ್, ಮಾರ್ಕೋ ಪೋಲೋ, ಡಾರ್ವಿನ್ ಅವನಿಗೆ ಸಿಕ್ಕಿದ್ದು ಅಲ್ಲಿ, ವಾರಸುದಾರರು ಬಿಟ್ಟುಹೋದ ಆ ರಾಶಿಯಲ್ಲಿ.