ಹುಳ ಹೇಳಿದ ಲೆಕ್ಕ

ಕೆಮ್ಮಣ್ಣಿನ ನಮ್ಮ ಮನೆಯ ದನ ಕೆಂಪಿ ಒಂದು ಆಟಿ ತಿಂಗಳ ಸಂಜೆ ಹಟ್ಟಿಗೆ ಮರಳಲಿಲ್ಲ. ಮರುದಿನ ಹುಡುಕಲು ಹೇಳಿದಾಗ, "ಮಳೆ ಬಿಡಲಿ, ಅದೇ ಬರ್ತದೆ" ಎಂದು ನಾನು ಉದಾಸೀನ ಮಾಡಿದೆ. ಐದನೆಯ ದಿನ ಸುವರ್ಣಾ ಹೊಳೆಯ ಬದಿಯ ಮುಂಡುಗದ ಪೊದೆಯಲ್ಲಿ ಅದರ ಹೆಣ ಸಿಕ್ಕಿತು. ದೊಡ್ಡಪ್ಪ ಮೂಗಿಗೆ ಬೈರಾಸು ಹಿಡಿದು ಬಗ್ಗಿ ನೋಡಿದರು. "ಹುಳ ಇಷ್ಟು ದೊಡ್ಡದಾಗಿದೆ. ಸತ್ತು ಮೂರು ದಿನ ಆಯ್ತು ಮಾರಾಯ." ಅಂದರೆ ನಾನು ಸುಮ್ಮನೆ ಕೂತಿದ್ದ ದಿನ ಕೆಂಪಿ ಬದುಕಿತ್ತು.

ದೊಡ್ಡಪ್ಪನ ಆ ಲೆಕ್ಕಕ್ಕೆ ಉದ್ದದ ಚರಿತ್ರೆಯಿದೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. 1247ರಲ್ಲಿ ಚೀನಾದ ಸಾಂಗ್ ತ್ಸು ಎಂಬ ನ್ಯಾಯಾಧಿಕಾರಿ ಬರೆದ ಪುಸ್ತಕದಲ್ಲಿ ಒಂದು ಕೊಲೆಯ ಪ್ರಸಂಗವಿದೆ. ಊರವರ ಕುಡುಗೋಲುಗಳನ್ನೆಲ್ಲ ಬಿಸಿಲಲ್ಲಿ ಸಾಲಾಗಿ ಇಡಿಸಿದಾಗ ನೊಣಗಳು ಒಂದಕ್ಕೇ ಮುತ್ತಿದವಂತೆ. ತೊಳೆದರೂ ಉಳಿದ ರಕ್ತದ ವಾಸನೆ ಅವಕ್ಕೆ ಸಿಕ್ಕಿತ್ತು. ಯುರೋಪಿನಲ್ಲಿ ಆಗಿನ್ನೂ ಕೊಳೆತ ಮಾಂಸದಲ್ಲಿ ಹುಳ ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆ. 1668ರಲ್ಲಿ ಇಟಲಿಯ ಫ್ರಾನ್ಚೆಸ್ಕೊ ರೆಡಿ ಮಾಂಸದ ಪಾತ್ರೆಗಳ ಬಾಯಿಗೆ ತೆಳುಬಟ್ಟೆ ಕಟ್ಟಿ, ನೊಣ ಕೂರದಿದ್ದರೆ ಹುಳವಿಲ್ಲ ಎಂದು ತೋರಿಸಿದ. 1894ರಲ್ಲಿ ಫ್ರಾನ್ಸಿನ ಮೆನ್ಯಾಂ, ಬಯಲಲ್ಲಿ ಬಿದ್ದ ಹೆಣಕ್ಕೆ ಕೀಟಗಳು ಎಂಟು ಸರದಿಯಲ್ಲಿ ಬರುತ್ತವೆ ಎಂದು ವಿಂಗಡಿಸಿದ. ಇಂದಿನವರು ಆ ಎಂಟನ್ನು ಅಷ್ಟು ಕಟ್ಟುನಿಟ್ಟಾಗಿ ಒಪ್ಪುವುದಿಲ್ಲ. ಸರದಿಯಿದೆ ಎಂಬ ಮಾತು ಮಾತ್ರ ಉಳಿದಿದೆ.

ಈ ಸರದಿ ಒಂದು ಬಗೆಯ ಪಾಲು. ನೀಲಿ, ಹಸಿರು ಮಿಂಚುವ ನೊಣಗಳು ಮೊದಲು ಬಂದು ಕಣ್ಣು, ಮೂಗು, ಗಾಯಗಳಲ್ಲಿ ಮೊಟ್ಟೆಯಿಡುತ್ತವೆ. ನಮ್ಮ ಸೆಕೆಗೆ ಒಂದೇ ದಿನದಲ್ಲಿ ಮರಿಯಾಗುತ್ತದೆ. ಮರಿಹುಳಕ್ಕೆ ಅಗಿಯುವ ಹಲ್ಲಿಲ್ಲ. ರಸ ಬಿಟ್ಟು ಮಾಂಸವನ್ನು ಕರಗಿಸಿ ಹೀರುತ್ತದೆ. ಇರುವೆಗಳು ಮೊಟ್ಟೆಗಳನ್ನೇ ಹೊತ್ತೊಯ್ಯುತ್ತವೆ. ಕೆಲವು ಜೀರುಂಡೆಗಳು ಬರುವುದು ಹೆಣಕ್ಕಲ್ಲ, ಹುಳ ತಿನ್ನಲು. ಮಾಂಸ ಮುಗಿದು ಚರ್ಮ ಒಣಗಿದ ಮೇಲೆ, ಗಟ್ಟಿ ದವಡೆಯ ಸಣ್ಣ ಜೀರುಂಡೆಗಳ ಪಾಲು.

ಹೊಂಡ ತೋಡಿದರೆ ನೀರು ಉಕ್ಕುವ ಜಾಗ. ಕೆಂಪಿಯನ್ನು ಅಲ್ಲೇ ಬಿಟ್ಟಿದ್ದೆವು. ದೀಪಾವಳಿಯ ಗೋಪೂಜೆಯ ದಿನ ಒಬ್ಬನೇ ಹೋಗಿ ನೋಡಿದೆ. ಕೊಂಬಿನ ಬುಡದ ಒಣ ಚರ್ಮದಲ್ಲಿ ಕಪ್ಪು ಜೀರುಂಡೆಗಳು ಓಡಾಡುತ್ತಿದ್ದವು. ನೊಣದಿಂದ ಜೀರುಂಡೆಯವರೆಗೆ ಎಲ್ಲವೂ ತಮ್ಮ ಹೊತ್ತಿಗೆ ಸರಿಯಾಗಿ ಬಂದಿದ್ದವು. ತಡವಾಗಿ ಬಂದವನು ನಾನೊಬ್ಬನೇ.