ಹೆದ್ದಾರಿಯ ಬದಿಯ ಶಿವಪುರ

(ಬಾನುಲಿ ಭಾಷಣ)

ಹಿರಿದಾದ ಮರ ಹೆಮ್ಮರ, ಹಿರಿದಾದ ಬಾಗಿಲು ಹೆಬ್ಬಾಗಿಲು, ಹಿರಿದಾದ ದಾರಿ ಹೆದ್ದಾರಿ. ಮೂವತ್ತು ವರ್ಷಗಳಿಗೂ ಮಿಕ್ಕಿ ತರಗತಿಗಳಲ್ಲಿ ಈ ಸಮಾಸಗಳನ್ನು ಬಿಡಿಸಿ ತೋರಿಸಿದವನು ನಾನು. ದಾರಿಯೊಂದು ಹಿರಿದಾಗುವುದು ಅಗಲದಿಂದಲೋ, ವೇಗದಿಂದಲೋ, ಅದರ ಬದಿಯಲ್ಲಿ ನಡೆದ ಸಂಗತಿಗಳಿಂದಲೋ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಿವೃತ್ತನಾಗಿ, ಮದ್ದೂರಿಗೆ ಅಂಟಿಕೊಂಡಿರುವ ನನ್ನ ಹುಟ್ಟೂರು ಶಿವಪುರಕ್ಕೆ ಮರಳಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹಿಂದೆ ಎರಡು ಮುಖ್ಯ ಹಾದಿಗಳಿದ್ದುವು. ಒಂದು, ರಾಮಗಿರಿಯ ಬೆಟ್ಟಗಳ ನಡುವೆ ಹಾದು ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೂಲಕ ಸಾಗುವ ನೇರವಾದ ದಾರಿ. ಇನ್ನೊಂದು, ದಕ್ಷಿಣಕ್ಕೆ ಬಳಸಿ ಕಾನಕಾನಹಳ್ಳಿ, ಎಂದರೆ ಇಂದಿನ ಕನಕಪುರದ ಮೇಲೆ ಹೋಗುವ ದಾರಿ. 1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಟಿಪ್ಪುವಿನ ಮೇಲೆ ದಂಡೆತ್ತಿ ಬಂದಾಗ ನೇರ ದಾರಿಯನ್ನು ಬಿಟ್ಟು ಈ ಬಳಸುದಾರಿಯನ್ನೇ ಹಿಡಿದನು. ಮೇವಿಲ್ಲದೆ ಎತ್ತುಗಳು ಸತ್ತುವು, ಮಳೆ ಹಿಡಿಯಿತು. ರಾಜಧಾನಿಯ ಸಮೀಪಕ್ಕೆ ಬಂದೂ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. 1799ರಲ್ಲಿ ಹ್ಯಾರಿಸನ ಸೈನ್ಯವೂ ಕನಕಪುರದ ಕಡೆಯಿಂದಲೇ ಬಂದಿತು. ಆ ವರ್ಷದ ಮಾರ್ಚ್ 27ರಂದು ಮಳವಳ್ಳಿಯ ಬಳಿ ಕಾಳಗ ನಡೆಯಿತು. ಸೋಸಲೆಯಲ್ಲಿ ಆ ಸೈನ್ಯ ಕಾವೇರಿಯನ್ನು ದಾಟಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ದಂಡು ಹಿಡಿದ ದಾರಿ ಮಳವಳ್ಳಿಯದಾದರೆ, ಆಡಳಿತ ಹಿಡಿದ ದಾರಿ ಮದ್ದೂರಿನದು. 1799ರ ಬಳಿಕ ಅರಸರು ಮೈಸೂರಿನಲ್ಲಿ ನೆಲೆಸಿದರು. 1809ರಲ್ಲಿ ಇಂಗ್ಲಿಷರ ದಂಡು ಬೆಂಗಳೂರಿಗೆ ಬಂದಿತು. 1831ರಲ್ಲಿ ರಾಜ್ಯಾಡಳಿತವನ್ನು ಇಂಗ್ಲಿಷರು ವಹಿಸಿಕೊಂಡ ಮೇಲೆ ಕಚೇರಿಗಳೂ ಬೆಂಗಳೂರಿಗೆ ಹೋದುವು. ಅರಮನೆ ಒಂದು ಊರಿನಲ್ಲಿ, ಅಧಿಕಾರ ಮತ್ತೊಂದು ಊರಿನಲ್ಲಿ. ಎರಡನ್ನೂ ಬೆಸೆಯುವ ಗಟ್ಟಿ ರಸ್ತೆ ಬೇಕಾಯಿತು. 1834ರಿಂದ 1861ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ ನಿರ್ಮಾಣವಾಯಿತು. ಮದ್ದೂರಿನಲ್ಲಿ ಶಿಂಷಾ ನದಿಗೆ ಇಟ್ಟಿಗೆಯ ಸೇತುವೆ ಕಟ್ಟಿದ್ದು 1850ರಲ್ಲಿ. ಮುಂದೆ 1876–78ರ ಭೀಕರ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಸಲುವಾಗಿಯೂ ರೈಲುದಾರಿಯ ಕೆಲಸ ನಡೆಯಿತು; 1882ರ ವೇಳೆಗೆ ರೈಲು ಮೈಸೂರನ್ನು ಮುಟ್ಟಿತು. ರಸ್ತೆಯ ಜೊತೆಗೇ ಕಂಬಿಯೂ ಬಿದ್ದ ಮೇಲೆ ಎರಡು ಹಾದಿಗಳ ಪೈಪೋಟಿ ಮುಗಿಯಿತು. ಮಳವಳ್ಳಿಗೆ ಇಂದಿಗೂ ರೈಲಿಲ್ಲ. ಮದ್ದೂರಿನ ನಿಲ್ದಾಣದಲ್ಲಿ ಮಾರಿದ ವಡೆಯಾದರೋ ನಾಡಿಗೆಲ್ಲ ಊರಿನ ಹೆಸರನ್ನು ಹೇಳಿತು.

ಇನ್ನು ಶಿವಪುರದ ಮಾತು. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸು ತನ್ನ ಅಧಿವೇಶನವನ್ನು ಇಲ್ಲಿ ಸೇರಿಸಿತು. ಅಧ್ಯಕ್ಷರು ಟಿ. ಸಿದ್ದಲಿಂಗಯ್ಯನವರು. ತಿರುಮಲೇಗೌಡರು ತಮ್ಮ ಜಮೀನನ್ನು ಬಿಟ್ಟುಕೊಟ್ಟರು, ಎಚ್.ಕೆ. ವೀರಣ್ಣಗೌಡರಂಥವರು ಮುಂದೆ ನಿಂತು ದುಡಿದರು. ತ್ರಿವರ್ಣ ಧ್ವಜವನ್ನು ಹಾರಿಸಕೂಡದೆಂದು ಸರ್ಕಾರ ನಿಷೇಧ ಹೊರಡಿಸಿತ್ತು. ನಿಷೇಧವನ್ನು ಮೀರಿದ ಸಿದ್ದಲಿಂಗಯ್ಯನವರು ಬಂಧಿತರಾದರು. ಅವರ ಹಿಂದೆ ಒಬ್ಬರಾದ ಮೇಲೊಬ್ಬರು ಧ್ವಜ ಹಿಡಿದು ಸೆರೆಯಾದರು. ಅದೇ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜೀವಗಳು ಹೋದುವು. ಮೇ ತಿಂಗಳಿನಲ್ಲಿ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ಲರೊಡನೆ ಮಾತುಕತೆ ನಡೆಸಿದರು. ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವೂ ಹಾರಬಹುದೆಂದಾಯಿತು.

ನಮ್ಮ ತಂದೆಯವರಿಗೆ ಆಗ ಹನ್ನೆರಡು ವರ್ಷ. ಗಾಂಧಿ, ಪಟೇಲ್ ಎಂಬ ಹೆಸರುಗಳಿಗಿಂತ ಅವರ ನೆನಪಿನಲ್ಲಿ ಉಳಿದಿದ್ದುದು ರಸ್ತೆ. “ಎರಡೂ ಕಡೆಯಿಂದ ಜನ ಬರ್ತಾನೇ ಇದ್ರು ಕಣಪ್ಪ, ಗಾಡಿ ನಿಲ್ಲಿಸೋಕೆ ಮರದ ನೆರಳು ಸಾಲದೆ ಹೋಯ್ತು” ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಈ ಮಾತನ್ನು ನಾನು ಲಘುವಾಗಿ ಕೇಳಿದೆ. ಈಗ ಅದರ ತೂಕ ತಿಳಿಯುತ್ತದೆ. ಬೆಂಗಳೂರಿನವರಿಗೂ ಮೈಸೂರಿನವರಿಗೂ ಎಟುಕುವ ರಸ್ತೆ, ರೈಲು ಇಳಿದು ನಡೆದು ಬರಬಹುದಾದ ದೂರ, ಕುಡಿಯಲು ಹೊಳೆಯ ನೀರು: ಇಷ್ಟು ಇದ್ದುದರಿಂದಲೇ ಒಂದು ಸಣ್ಣ ಹಳ್ಳಿ ಸಂಸ್ಥಾನದ ಚರಿತ್ರೆಯೊಳಕ್ಕೆ ಬರಲು ಸಾಧ್ಯವಾಯಿತು. ಅರಮನೆ ಮತ್ತು ಅಧಿಕಾರಗಳನ್ನು ಬೆಸೆಯಲು ಮಾಡಿದ ದಾರಿಯಲ್ಲೇ ಅವೆರಡನ್ನೂ ಪ್ರಶ್ನಿಸುವವರು ನಡೆದು ಬಂದರು.

ಆ ಸಾಲುಮರಗಳು, ಈ ಶತಮಾನದ ಮೊದಲ ವರ್ಷಗಳಲ್ಲಿ ರಸ್ತೆ ನಾಲ್ಕು ಪಥವಾಗುವಾಗ ಹೋದುವು. 2023ರ ಮಾರ್ಚ್ 12ರಂದು 118 ಕಿಲೋಮೀಟರಿನ ಆರು ಪಥದ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಅದು ಬಳಸಿ ಹೋಗುತ್ತದೆ. ಮದ್ದೂರಿನಲ್ಲಿ ಮೇಲ್ಸೇತುವೆ ಏರಿ ದಾಟುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥಗಳಲ್ಲಿ ಪ್ರವೇಶವಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರು ಪಕ್ಕದ ರಸ್ತೆಯಲ್ಲಿ ಸಾಗಬೇಕು.

ಇದನ್ನು ಬರಿಯ ಅಳಲೆಂದು ತಿಳಿಯಬೇಡಿ. ಹಳೆಯ ರಸ್ತೆಯಲ್ಲಿ ಒಮ್ಮೆ ಕಾಯಿಲೆಯಾದ ನನ್ನ ಹೆಂಡತಿಯನ್ನು ಮೈಸೂರಿಗೆ ಕರೆದೊಯ್ಯುವಾಗ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು, ಅವಳ ಕೈ ಹಿಡಿದು ಕುಳಿತಿದ್ದವನು ನಾನು. ಅಂದು ಈ ದಾರಿ ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ವೇಗವನ್ನು ಹಳಿಯುವ ಹಕ್ಕು ನನಗಿಲ್ಲ.

ಆದರೂ ಕಳೆದ ಬೇಸಗೆಯಲ್ಲಿ ಬೆಂಗಳೂರಿನಿಂದ ಮೊಮ್ಮಗಳೊಂದಿಗೆ ಮೈಸೂರಿನ ಮದುವೆಯೊಂದಕ್ಕೆ ಹೋಗುತ್ತಿದ್ದಾಗ ಅವಳು ಕೇಳಿದಳು: “ತಾತ, ನಿಮ್ಮೂರು ಯಾವಾಗ ಬರತ್ತೆ?” ಕಿಟಕಿಯಿಂದ ನೋಡಿದೆ. “ಆಗಲೇ ದಾಟಿಬಿಟ್ಟೆವಲ್ಲಮ್ಮ” ಎಂದೆ. ಅವಳಿಗೆ ಅದೇನೂ ವಿಶೇಷವಾಗಿ ತೋರಲಿಲ್ಲ. ನನಗೆ ಮಾತ್ರ ಉಳಿದ ದಾರಿಯಲ್ಲಿ ಮಾತು ಹೊರಡಲಿಲ್ಲ.

ಮದುವೆಯಿಂದ ಹಿಂದಿರುಗುವಾಗ ಮೊಮ್ಮಗಳನ್ನು ಹಳೆಯ ರಸ್ತೆಗೆ ಇಳಿಸಿದೆ. ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ಕಾರು ನಿಲ್ಲಿಸಿ, ಅವಳ ಮುತ್ತಜ್ಜ ಕಂಡ ಜನಜಂಗುಳಿಯನ್ನು ಹೇಳಿದೆ. ಅವಳು ಕೇಳಿದ ಪ್ರಶ್ನೆಗಳಿಗೆ ಉತ್ತರಿಸುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಹೊಸ ಹೆದ್ದಾರಿ ನಮಗೆ ಉಳಿಸಿಕೊಟ್ಟ ಹೊತ್ತಿನಲ್ಲಿ ಅಷ್ಟನ್ನು ಅಲ್ಲಿ ಕಳೆದುದಕ್ಕೆ ನನಗೆ ಸಂತೋಷವಿದೆ. ಶ್ರೋತೃಗಳೇ, ನೀವೂ ಮುಂದಿನ ಸಲ ಈ ಕಡೆ ಬಂದಾಗ ಮದ್ದೂರಿನಲ್ಲಿ ಒಮ್ಮೆ ಕೆಳಗಿಳಿಯಿರಿ.